ಉದುರುವುದು ಸಿಪ್ಪೆ, ಬಣ್ಣವಲ್ಲ

ಸೂಲಿಬೆಲೆಯಿಂದ ಬೆಂಗಳೂರಿಗೆ ಹೋಗಿ ಮುಂಗೈ ಮೇಲೆ ಅಮ್ಮನ ಹೆಸರನ್ನೋ ಆಂಜನೇಯನ ಗದೆಯನ್ನೋ ಬರೆಸಿಕೊಂಡು ಬಂದ ಹುಡುಗನಿಗೆ ಮೊದಲೆರಡು ದಿನ ಉರಿಯದ್ದೇ ಚಿಂತೆ. ವಾರ ತುಂಬುವ ಹೊತ್ತಿಗೆ ಚಿಂತೆ ಬದಲಾಗುತ್ತದೆ. ಸ್ನಾನವಾದ ಮೇಲೆ ಟವೆಲ್ ಒತ್ತಿದರೆ ತೆಳ್ಳನೆಯ ಕರೀ ಸಿಪ್ಪೆ ಅಂಟಿಕೊಂಡು ಬರುತ್ತದೆ. ಕೊಟ್ಟ ದುಡ್ಡೆಲ್ಲ ಟವೆಲ್ಲಿನ ಪಾಲಾಯಿತೆಂದು ಗಾಬರಿಯಾಗಿ, ಮನೆಯಲ್ಲಿರುವ ಎಣ್ಣೆ, ಕ್ರೀಮು, ಮುಲಾಮುಗಳನ್ನೆಲ್ಲ ಮೆತ್ತತೊಡಗುತ್ತಾನೆ. ಹಚ್ಚೆ ಕೆಡುವುದು ಹೆಚ್ಚಾಗಿ ಇಂಥ ಆರೈಕೆಯಿಂದಲೇ.

ಉದುರುತ್ತಿರುವುದು ಹೊರಚರ್ಮ. ಸೂಜಿ ಚರ್ಮದೊಳಕ್ಕೆ ಒಂದೆರಡು ಮಿಲಿಮೀಟರ್ ಇಳಿದು, ಹೊರಚರ್ಮವನ್ನು ದಾಟಿ ಒಳಚರ್ಮದಲ್ಲಿ ಶಾಯಿ ಬಿಡುತ್ತದೆ. ಹೋಗುವ ದಾರಿಯಲ್ಲಿ ಹೊರಚರ್ಮಕ್ಕೂ ಒಂದಿಷ್ಟು ಶಾಯಿ ಮೆತ್ತಿಕೊಳ್ಳುತ್ತದೆ. ಹೊರಚರ್ಮ ಹೇಗೂ ಸುಮಾರು ನಾಲ್ಕು ವಾರಕ್ಕೊಮ್ಮೆ ಹೊಸದಾಗುವಂಥದ್ದು; ಗಾಯವಾದಾಗ ಇನ್ನೂ ಬೇಗ ಕಳಚುತ್ತದೆ, ತನಗಂಟಿದ ಶಾಯಿಯನ್ನೂ ಕೊಂಡೊಯ್ಯುತ್ತದೆ. ಕೆಳಗೆ ಉಳಿದದ್ದೇ ನಿಜವಾದ ಹಚ್ಚೆ.

ಅದು ಉಳಿಯುವ ಬಗೆ ಸ್ವಾರಸ್ಯವಾಗಿದೆ. ಶಾಯಿಯ ಕಣ ಒಳಚರ್ಮಕ್ಕೆ ಬಿದ್ದೊಡನೆ ದೇಹ ಅದನ್ನು ಹೊರಗಿನ ಶತ್ರುವೆಂದೇ ಎಣಿಸುತ್ತದೆ. ಮ್ಯಾಕ್ರೋಫೇಜ್ ಎಂಬ ಭಕ್ಷಕ ಕೋಶಗಳು ಬಂದು ಕಣಗಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಫ್ರಾನ್ಸಿನ ಮಾರ್ಸೆಯ ವಿಜ್ಞಾನಿಗಳು 2018ರಲ್ಲಿ ಇಲಿಗಳ ಬಾಲಕ್ಕೆ ಹಚ್ಚೆ ಹಾಕಿ ಒಂದು ಸಂಗತಿ ಕಂಡುಕೊಂಡರು: ಶಾಯಿ ನುಂಗಿದ ಕೋಶ ಸತ್ತರೆ ಕಣ ಅಲ್ಲೇ ಚೆಲ್ಲುತ್ತದೆ, ಹೊಸದಾಗಿ ಬಂದ ಕೋಶ ಅದನ್ನು ಅಲ್ಲೇ ಮತ್ತೆ ನುಂಗುತ್ತದೆ. ಶಾಶ್ವತವೆಂದು ನಾವು ಕರೆಯುವ ಚಿತ್ರ ಒಳಗೆ ಹೀಗೆ ಕೈ ಬದಲಾಯಿಸುತ್ತಲೇ ಇರುತ್ತದೆ. ಒಂದಿಷ್ಟು ಕಣ ತಪ್ಪಿಸಿಕೊಂಡು ಕಂಕುಳಿನ ದುಗ್ಧರಸ ಗ್ರಂಥಿಯನ್ನೂ ಸೇರುವುದುಂಟು. ನಾವು ಮೇಲೆ ಸವರುವ ಕ್ರೀಮಿಗೂ ಈ ವ್ಯವಹಾರಕ್ಕೂ ನೇರ ಸಂಬಂಧವಿಲ್ಲ.

ಹಾಗಾದರೆ ಕ್ರೀಮು ಯಾಕೆ? ನೀರಿಗಾಗಿ. ಗಾಯವಿಲ್ಲದ ಚರ್ಮ ಒಳಗಿನ ತೇವವನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಸಾವಿರಾರು ಬಾರಿ ಚುಚ್ಚಿಸಿಕೊಂಡ ಚರ್ಮ ಸೋರುತ್ತದೆ. ತೇವ ಆರಿದರೆ ಮೇಲೆ ಗಟ್ಟಿ ಹಕ್ಕಳೆ ಕಟ್ಟುತ್ತದೆ, ಹೊಸ ಚರ್ಮದ ಕೋಶಗಳು ಅದರಡಿಯಲ್ಲಿ ದಾರಿ ಮಾಡಿಕೊಂಡು ತೆವಳಬೇಕಾಗುತ್ತದೆ. ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಮರಿಗಳ ಗಾಯಕ್ಕೆ ಪಾಲಿಥೀನ್ ಹಾಳೆ ಹೊದಿಸಿ, ಗಾಳಿಗೆ ಬಿಟ್ಟ ಗಾಯಕ್ಕಿಂತ ಅಲ್ಲಿ ಹೊಸ ಹೊರಚರ್ಮ ಸುಮಾರು ಇಮ್ಮಡಿ ವೇಗದಲ್ಲಿ ಹರಡುವುದನ್ನು 1962ರಲ್ಲಿ ತೋರಿಸಿದ. ಗಾಯ ಗಾಳಿಗೆ ಆರಲಿ ಎಂಬ ನಮ್ಮ ಹಳೆಯ ಮಾತಿಗೆ ಪೆಟ್ಟು ಬಿದ್ದದ್ದು ಆಗಲೇ. ಗಾಯ ಆರುವುದು ಬೇರೆ, ಒಣಗುವುದು ಬೇರೆ.

ಪೆಟ್ರೋಲಿಯಂ ಜೆಲ್ಲಿ ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರು ಹೋಗದಂತೆ ತಡೆಯುತ್ತದೆ. ಗ್ಲಿಸರಿನ್ ಇರುವ ಕ್ರೀಮು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಯಾವುದಾದರೂ ಆದೀತು, ಸುವಾಸನೆ ಬೆರೆಸಿರಬಾರದು. ಕೈ ತೊಳೆದು, ಉಗುರುಬೆಚ್ಚಗಿನ ನೀರಿನಲ್ಲಿ ಸೌಮ್ಯ ಸೋಪಿನಿಂದ ಹಚ್ಚೆಯನ್ನು ತೊಳೆದು, ಉಜ್ಜದೆ ಶುಭ್ರ ಬಟ್ಟೆ ಒತ್ತಿ, ಒಂದೈದು ನಿಮಿಷ ಬಿಟ್ಟು ಸವರಬೇಕು. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಸೋಪಿನ ಜಿಡ್ಡು ಉಳಿದು ಚರ್ಮ ಇನ್ನಷ್ಟು ಬಿಗಿಯುತ್ತದೆ, ಆದ್ದರಿಂದ ಎರಡು ಚೊಂಬು ಹೆಚ್ಚೇ ಸುರಿದುಕೊಳ್ಳಿ. ದಿನಕ್ಕೆ ಎರಡು ಮೂರು ಸಲ, ಎರಡು ಮೂರು ವಾರ. ಅಳತೆಯೇ ಮುಖ್ಯ. ಅಂಗೈಯಗಲದ ಹಚ್ಚೆಗೆ ಕಡಲೆಕಾಳಿನಷ್ಟು ಸಾಕು. ಸವರಿದ ಮೇಲೆ ಜೆಲ್ಲಿ ಮುದ್ದೆಯಾಗಿ ಕಾಣುತ್ತಿದ್ದರೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ದಪ್ಪಗೆ ಮೆತ್ತಿದರೆ ಚರ್ಮ ನೆನೆದು ಬೆಳ್ಳಗಾಗುತ್ತದೆ, ರೋಮದ ಬುಡದಲ್ಲಿ ಗುಳ್ಳೆ ಏಳುತ್ತದೆ, ಮೆತ್ತಗಾದ ಹಕ್ಕಳೆ ಕಾಲಕ್ಕೆ ಮುಂಚೆ ಕಿತ್ತು ಬರುತ್ತದೆ. ನವೆ ಬಂದಾಗ ಉಗುರು ಹಾಕಿದರೂ ಅಷ್ಟೇ. ಬಣ್ಣ ನಿಜಕ್ಕೂ ಹೋಗಿ ಚುಕ್ಕೆ ಚುಕ್ಕೆ ಖಾಲಿ ಉಳಿಯುವುದು ಹೀಗೆ.

ನಮ್ಮ ಅಜ್ಜಿಯರ ಕೈಮೇಲಿನ ಹಸಿರು ಹಚ್ಚೆಗೆ ಈ ಕ್ರೀಮುಗಳ್ಯಾವೂ ಇರಲಿಲ್ಲ. ಊರೂರು ತಿರುಗುವ ಕೊರವಂಜಿ ಬಂದು, ಹಟ್ಟಿಯ ಜಗುಲಿಯಲ್ಲಿ ಕೂತು, ದೀಪದ ಕಾಡಿಗೆ ಕಲಸಿ, ದಾರ ಸುತ್ತಿ ಕಟ್ಟಿದ ಸೂಜಿಗಳಿಂದ ಚುಚ್ಚಿ ಹೋಗುತ್ತಿದ್ದಳು. ಮೇಲೆ ಎಣ್ಣೆ, ಅರಿಶಿನ. ಎಣ್ಣೆ ಹಚ್ಚಿದ್ದು ಸರಿಯಾದ ಬುದ್ಧಿ, ತೇವ ಉಳಿಸುವ ಕೆಲಸವನ್ನು ಅದು ಮಾಡುತ್ತಿತ್ತು. ಅಡುಗೆಮನೆಯ ಅರಿಶಿನದ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಡಬ್ಬಿಯೊಳಗಿನ ಪುಡಿ ಕ್ರಿಮಿಮುಕ್ತವಲ್ಲ, ಕೆಲವರ ಚರ್ಮಕ್ಕೆ ಅದು ಅಲರ್ಜಿಯೂ ಹೌದು. ಒಂದೇ ಸೂಜಿಕಟ್ಟು ಇಡೀ ಊರಿಗೆ ಸಾಗುತ್ತಿದ್ದುದಂತೂ ಹೆಪಟೈಟಿಸ್ ಬಿ, ಎಚ್‌ಐವಿ ತಿಳಿದ ಕಾಲಕ್ಕೆ ಒಪ್ಪುವ ಪದ್ಧತಿಯಲ್ಲ. ಜಾತ್ರೆಯಲ್ಲಿ ಹಚ್ಚೆ ಹಾಕಿಸಿಕೊಳ್ಳುವವರು ಹೊಸ ಸೂಜಿಯ ಪೊಟ್ಟಣವನ್ನು ತಮ್ಮ ಕಣ್ಣೆದುರೇ ಒಡೆಸಬೇಕು.

ಆಂಟಿಬಯೋಟಿಕ್ ಮುಲಾಮನ್ನು ಮುನ್ನೆಚ್ಚರಿಕೆಗೆಂದು ಹಚ್ಚುವವರೂ ಇದ್ದಾರೆ. ಸಣ್ಣ ಚರ್ಮ ಶಸ್ತ್ರಚಿಕಿತ್ಸೆಯಾದ ಒಂಬೈನೂರಕ್ಕೂ ಹೆಚ್ಚು ರೋಗಿಗಳ ಮೇಲೆ ಅಮೆರಿಕದಲ್ಲಿ ನಡೆದು 1996ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬರೀ ಬಿಳಿ ಪೆಟ್ರೋಲಿಯಂ ಜೆಲ್ಲಿ ಹಚ್ಚಿದವರಿಗೂ ಬ್ಯಾಸಿಟ್ರಾಸಿನ್ ಎಂಬ ಆಂಟಿಬಯೋಟಿಕ್ ಹಚ್ಚಿದವರಿಗೂ ಸೋಂಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಲರ್ಜಿ ಕಂಡದ್ದು ಬ್ಯಾಸಿಟ್ರಾಸಿನ್ ಹಚ್ಚಿದವರಲ್ಲಿ.

ಇನ್ನು ಸೂಲಿಬೆಲೆ ಸುತ್ತಿನ ಮಾತು. ಟ್ಯಾಟೂ ಅಂಗಡಿಯವರು ಕೊಡುವ ಚೀಟಿಯಲ್ಲಿ ಈಜುಕೊಳಕ್ಕೆ ಇಳಿಯಬೇಡಿ ಎಂದಿರುತ್ತದೆ, ಹುಳುಮನೆಯ ಮಾತು ಇರುವುದಿಲ್ಲ. ರೇಷ್ಮೆ ಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ಹಾಸಿಗೆಯ ತೇವ ಎಳೆಯಲೆಂದು ಸುಣ್ಣದ ಪುಡಿ ಚೆಲ್ಲುತ್ತಾರೆ; ಮನೆ ತೊಳೆಯಲು ಬ್ಲೀಚಿಂಗ್ ಪುಡಿ. ಹಸಿ ಹಚ್ಚೆಯ ಮೇಲೆ ಇವೆರಡೂ ಸುಡುತ್ತವೆ, ಒಣಗಿಸುತ್ತವೆ. ದ್ರಾಕ್ಷಿ ತೋಟದಲ್ಲಿ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಸಿಂಪಡಿಸುವವರ ತೋಳಿಗೂ ಇದೇ ಕಥೆ. ಕೊಟ್ಟಿಗೆಯ ಸಗಣಿ, ತಿಪ್ಪೆಯ ಮಣ್ಣಿನಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾದ ಬೀಜಕಣಗಳಿರುತ್ತವೆ. ಸೂಜಿಗೆ ಕೈ ಕೊಡುವ ಮೊದಲೇ ಟಿಟಿ ಲಸಿಕೆ ಯಾವಾಗ ಆಗಿತ್ತೆಂದು ನೆನಪಿಸಿಕೊಳ್ಳುವುದು, ಹತ್ತು ವರ್ಷ ದಾಟಿದ್ದರೆ ಹಾಕಿಸಿಕೊಳ್ಳುವುದು ಒಳ್ಳೆಯದು. ಎರಡು ವಾರದ ಮಟ್ಟಿಗೆ ಹಾಲು ಕರೆಯುವ ಕೆಲಸ ಅಣ್ಣನಿಗೋ ತಮ್ಮನಿಗೋ ಹೋಗಲಿ. ಆಗದಿದ್ದರೆ ಸಡಿಲವಾದ ತುಂಬುತೋಳಿನ ಹತ್ತಿ ಅಂಗಿ ತೊಟ್ಟು ಮಾಡಿ, ಮುಗಿದ ತಕ್ಷಣ ತೊಳೆದುಕೊಳ್ಳಬೇಕು.

ಮೊದಲ ಮೂರು ದಿನದ ಕೆಂಪು, ಸಣ್ಣ ಬಾವು ಸಹಜ. ಆಮೇಲೆ ಅವು ಇಳಿಯದೆ ಏರಿದರೆ, ಕೀವು ಬಂದರೆ, ಕೆಂಪು ಗೆರೆ ತೋಳಿನ ಮೇಲಕ್ಕೆ ಹತ್ತಿದರೆ, ಜ್ವರ ಕಾಣಿಸಿದರೆ ಅದು ನಂಜು. ಕ್ರೀಮು ಬಿಟ್ಟು ವೈದ್ಯರ ಬಳಿ ಹೋಗಬೇಕು. ಕೆಂಪು ಶಾಯಿಯ ಭಾಗವಷ್ಟೇ ತಿಂಗಳುಗಟ್ಟಲೆ ಉಬ್ಬಿ ನವೆಯಾಗುವುದು ಅಲರ್ಜಿ. ಶಾಯಿಯಲ್ಲೇ ದೋಷವಿದ್ದರೆ ಯಾವ ಮುಲಾಮೂ ಅದನ್ನು ಸರಿಪಡಿಸದು. ಪರೀಕ್ಷೆಗೆ ಕಳಿಸಿದ ಶಾಯಿಗಳಲ್ಲಿ 22 ಬಗೆಯ ಲೋಹಗಳು ಸಿಕ್ಕಿವೆ ಎಂದು ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಫೆಬ್ರುವರಿಯಲ್ಲಿ ಹೇಳಿದ್ದರು. ಯುರೋಪಿನಲ್ಲಿ 2022ರ ಜನವರಿಯಿಂದಲೇ ಹಚ್ಚೆ ಶಾಯಿಯ ಸಾವಿರಾರು ರಾಸಾಯನಿಕಗಳ ಮೇಲೆ ಕಡಿವಾಣವಿದೆ.

ಸಿಪ್ಪೆಯೆಲ್ಲ ಉದುರಿ ಚರ್ಮ ಕೂಡಿಕೊಂಡ ಮೇಲೆ ಬಿಸಿಲಿನ ಸರದಿ. ಬಿಸಿಲಿನ ನೇರಳಾತೀತ ಕಿರಣ ಬಣ್ಣವನ್ನು ಮಾಸಿಸುತ್ತದೆ, ಆದ್ದರಿಂದ ಹೊಲಕ್ಕೆ ಹೊರಡುವಾಗ ತುಂಬುತೋಳು, ಇಲ್ಲವೇ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್. ಹಸಿ ಗಾಯಕ್ಕೆ ಸನ್‌ಸ್ಕ್ರೀನ್ ಬೇಡ. ರಕ್ತದಾನ ಮಾಡುವ ರೂಢಿಯುಳ್ಳವರು ಹಚ್ಚೆಯ ತಾರೀಖನ್ನು ಬರೆದಿಟ್ಟುಕೊಳ್ಳಿ. ನಮ್ಮ ದೇಶದ ನಿಯಮದಂತೆ ಮುಂದಿನ 12 ತಿಂಗಳು ರಕ್ತ ಕೊಡುವಂತಿಲ್ಲ.