ಹೊಸ ನೌಕರರ ನೇಮಕ: ಪರಿಚಯದ ಮಾತೊಂದೇ ಸಾಕೇ?

ಭಟ್ಕಳ, ಹೊನ್ನಾವರ, ಕುಮಟಾ ಪೇಟೆಗಳ ವರ್ತಕರು ಅಂಗಡಿಗೊಬ್ಬ ಗುಮಾಸ್ತ ಬೇಕಾದಾಗ ಜಾಹೀರಾತು ನೀಡುವುದು ಅಪರೂಪ. ಹಳೆಯ ನೌಕರನಿಗೋ ನೆಂಟರಿಗೋ ಒಂದು ಮಾತು ಹೇಳಿದರೆ ವಾರದೊಳಗೆ ಹುಡುಗನೊಬ್ಬ ಬಂದು ನಿಲ್ಲುತ್ತಾನೆ. ಖರ್ಚಿಲ್ಲ, ಮನೆತನ ತಿಳಿದಿರುತ್ತದೆ, ಶಿಫಾರಸು ಮಾಡಿದವರಿಗೂ ನೈತಿಕ ಹೊಣೆಯಿರುತ್ತದೆ. ಹಳೆಯದೆಂಬ ಒಂದೇ ಕಾರಣಕ್ಕೆ ಈ ಪದ್ಧತಿಯನ್ನು ತಳ್ಳಿಹಾಕಲಾಗದು. ಆದರೆ ಪರಿಚಯವು ನಡತೆಗೆ ಸಾಕ್ಷಿಯೇ ಹೊರತು ಕೆಲಸದ ತಿಳಿವಳಿಕೆಗಲ್ಲ.

ವರ್ಷಾಂತ್ಯದ ಲೆಕ್ಕ ಪರಿಶೋಧನೆಗೆ ಮಾತ್ರ ನಮ್ಮಲ್ಲಿಗೆ ಬರುವ ವರ್ತಕರೊಬ್ಬರು ಬಂಧುಗಳ ಮಾತಿನ ಮೇಲೆ ಲೆಕ್ಕ ಬರೆಯಲು ಒಬ್ಬನನ್ನು ನೇಮಿಸಿಕೊಂಡರು. ಹುಡುಗ ಪ್ರಾಮಾಣಿಕ, ನಗದಿನಲ್ಲಿ ಒಂದು ಪೈಸೆಯೂ ವ್ಯತ್ಯಾಸವಿರಲಿಲ್ಲ. ಆದರೆ ಜಿ.ಎಸ್.ಟಿ. ರಿಟರ್ನ್ ಸಲ್ಲಿಸುವ ಕ್ರಮ ಅವನಿಗೆ ತಿಳಿದಿರಲಿಲ್ಲ, ಕೇಳಲು ಸಂಕೋಚ. ನಾಲ್ಕು ತಿಂಗಳ ಬಳಿಕ ಗಲ್ಫಿಗೆ ಹೊರಟುಹೋದ. ಪಾಸ್‌ವರ್ಡ್ ಅವನಲ್ಲಿ; ಒ.ಟಿ.ಪಿ. ಬರುತ್ತಿದ್ದುದೂ ಅವನ ಮೊಬೈಲಿಗೇ. ತೆರಿಗೆ ಬಾಕಿಯಿರುವ ಜಿ.ಎಸ್.ಟಿ.ಆರ್.-3ಬಿ ವಿಳಂಬವಾದರೆ ಗರಿಷ್ಠ ಮಿತಿಗೊಳಪಟ್ಟು ದಿನಕ್ಕೆ 50 ರೂ. ಶುಲ್ಕ, ಬಾಕಿ ತೆರಿಗೆಗೆ ವಾರ್ಷಿಕ ಶೇ. 18ರ ಬಡ್ಡಿ. ಅದನ್ನು ಹೇಗೋ ಕಟ್ಟಿದರು. ಆದರೆ ಜಿ.ಎಸ್.ಟಿ.ಆರ್.-1 ಸಲ್ಲಿಕೆಯಾಗದೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ದೊರೆಯದ ಸಗಟು ಖರೀದಿದಾರರು ಬೇರೆ ಅಂಗಡಿ ಹುಡುಕಿಕೊಂಡರು. ಅವರಲ್ಲಿ ಹೆಚ್ಚಿನವರು ಮರಳಲಿಲ್ಲ.

ನೇಮಕಕ್ಕೆ ಮುನ್ನ ಒಂದು ಗಂಟೆಯ ಪರೀಕ್ಷೆ ನಡೆಸಿದ್ದರೆ ಇದು ತಪ್ಪುತ್ತಿತ್ತು. ಹಿಂದಿನ ತಿಂಗಳ ಹತ್ತು ಬಿಲ್ಲುಗಳನ್ನು ಕೊಟ್ಟು ಟ್ಯಾಲಿಯಲ್ಲಿ ನಮೂದಿಸಲು ಹೇಳಿ. ಯಂತ್ರದ ಕೆಲಸವಾದರೆ ಮೇಸ್ತ್ರಿಯ ಸಮ್ಮುಖದಲ್ಲಿ ಯಂತ್ರ ನಡೆಸಲು ಹೇಳಿ. ಮಾರಾಟದ ಕೆಲಸಕ್ಕೆ ಭಾಷೆಯೂ ಮುಖ್ಯ. ಭಟ್ಕಳದ ಗಿರಾಕಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಇವುಗಳಲ್ಲಿ ಯಾವುದರಲ್ಲಾದರೂ ಮಾತು ಆರಂಭಿಸಬಹುದು.

ಆಯ್ಕೆಯ ವ್ಯಾಪ್ತಿಯನ್ನು ಹಿಗ್ಗಿಸುವುದೂ ಕಷ್ಟವಲ್ಲ. ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್.ಡಿ.ಎಂ. ಕಾಲೇಜು, ಭಟ್ಕಳದ ಅಂಜುಮನ್ ಸಂಸ್ಥೆಗಳ ಪ್ರಾಚಾರ್ಯರಿಗೆ ಅಂತಿಮ ಪರೀಕ್ಷೆಗೆ ಮೊದಲೇ ಒಂದು ಪತ್ರ ಬರೆದರೆ ಸೂಚನಾ ಫಲಕಕ್ಕೆ ಹಾಕಿಸಬಹುದು. ಪತ್ರದಲ್ಲಿ ಕೆಲಸದ ವೇಳೆಯನ್ನೂ ಸಂಬಳವನ್ನೂ ಸ್ಪಷ್ಟವಾಗಿ ನಮೂದಿಸಬೇಕು. ನಮ್ಮವರು ಸಂಬಳದ ಮೊತ್ತವನ್ನು ಗುಟ್ಟಾಗಿಡುತ್ತಾರೆ. ಇದು ನನಗೆ ಎಂದೂ ಅರ್ಥವಾಗಿಲ್ಲ. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ಣಗೊಂಡ ಮೇಲೆ ಮಂಗಳೂರು, ಗೋವೆಗಳು ನಮ್ಮ ಯುವಕರಿಗೆ ಇನ್ನಷ್ಟು ಹತ್ತಿರವಾಗಿವೆ. ಅಲ್ಲಿನ ಕೋಣೆ ಬಾಡಿಗೆ, ಊಟದ ವೆಚ್ಚ ಕಳೆದು ಊರಿನ ಸಂಬಳದೊಡನೆ ಹೋಲಿಸಲು ಅವರಿಗೆ ಅಂಕಿ ಬೇಕಲ್ಲವೇ?

ಸಣ್ಣ ಕೈಗಾರಿಕೆಗಳಿಗೆ 1961ರ ಅಪ್ರೆಂಟಿಸ್ ಕಾಯಿದೆಯ ದಾರಿಯಿದೆ. 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಘಟಕಕ್ಕೆ ಇದು ಕಡ್ಡಾಯ. 4ರಿಂದ 29 ಇದ್ದರೆ ಐಚ್ಛಿಕ. ಭತ್ಯೆಯ ಒಂದು ಪಾಲನ್ನು ಸರ್ಕಾರ ಭರಿಸುವ ಕೇಂದ್ರ ಯೋಜನೆ 2016ರಲ್ಲಿ ಆರಂಭವಾಯಿತು. ತರಬೇತಿಯ ಅವಧಿಯಲ್ಲೇ ಅಭ್ಯರ್ಥಿಯ ಯೋಗ್ಯತೆ ತಿಳಿದುಬಿಡುತ್ತದೆ.

"ಖಾಯಂ ಮಾಡುವವರೆಗೆ ಪತ್ರ ಬೇಡವಲ್ಲ?" ಎಂದು ಸದಸ್ಯರು ಆಗಾಗ ಕೇಳುತ್ತಾರೆ. ಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ನೇಮಕಾತಿ ಪತ್ರಕ್ಕೆ ಒತ್ತು ನೀಡಿವೆ. ಭವಿಷ್ಯ ನಿಧಿಯ 20 ನೌಕರರ ಲೆಕ್ಕದಲ್ಲಿ ತಾತ್ಕಾಲಿಕ ನೌಕರರೂ ಸೇರುತ್ತಾರೆ. ಮಾಲಿಕರ ಪಾಲನ್ನು ಸಂಬಳದಿಂದ ಕಡಿಯುವಂತಿಲ್ಲ. ಪತ್ರಕ್ಕೆ ಸಹಿ ಮಾಡಿಸುವ ದಿನವೇ ಗುರುತಿನ ಹಾಗೂ ವಯಸ್ಸಿನ ದಾಖಲೆಗಳ ಪ್ರತಿ ಪಡೆದಿಟ್ಟುಕೊಳ್ಳಿ. ಜಿ.ಎಸ್.ಟಿ. ಪೋರ್ಟಲಿನಲ್ಲಿ ಮಾತ್ರ ಮಾಲಿಕರ ಸ್ವಂತ ಮೊಬೈಲ್ ಸಂಖ್ಯೆಯೇ ಇರಲಿ.