ಚದುರಂಗದ ಮಣೆಯೂ ಕೊಂಕು ಮಾತೂ



ಹವ್ಯಾಸಿಗಳ ಕೂಟವೆಂದರೆ ಮನೆಯ ಜಗುಲಿಯಿದ್ದಂತೆ. ಅಲ್ಲಿ ಹುದ್ದೆ, ಸಂಬಳ, ಅಂತಸ್ತು ಲೆಕ್ಕಕ್ಕಿಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಆ ಜಗುಲಿಯಲ್ಲಿ ಎಲ್ಲರಿಗೂ ಜಾಗ ಸಿಗುತ್ತಿದೆಯೇ? ಚದುರಂಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಕೆಲವು ವರ್ಷಗಳ ಹಿಂದೆ ಮಕ್ಕಳ ಚದುರಂಗ ಶಿಬಿರವೊಂದರ ಚಿತ್ರೀಕರಣಕ್ಕೆ ಹೋಗಿದ್ದೆ. ಸುಮಾರು ಹನ್ನೆರಡು ವರ್ಷದ ಹುಡುಗಿಯೊಬ್ಬಳಿಗೆ ಸೋತ ಹುಡುಗನನ್ನು ಹಿರಿಯ ಆಟಗಾರರೊಬ್ಬರು, "ಏನಪ್ಪಾ, ಹುಡುಗಿ ಕೈಲಿ ಸೋತ್ಯಾ? ಬಳೆ ತೊಡಿಸ್ಲಾ?" ಎಂದು ಕೆಣಕಿದರು. ಎಲ್ಲರೂ ನಕ್ಕರು. ಕ್ಯಾಮೆರಾದ ಪಕ್ಕ ನಿಂತಿದ್ದ ನಾನೂ ನಕ್ಕೆ. ಗೆದ್ದವಳು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದಳು. ಮುಂದಿನ ವಾರ ಹೋದಾಗ ಅವಳು ಬಂದಿರಲಿಲ್ಲ. ಕಾರಣ ಅದೇ ಎಂದು ಹೇಳಲಾರೆ. ಆದರೆ ಆ ನಗೆಯಲ್ಲಿ ನನ್ನ ಪಾಲೂ ಇತ್ತು.

ಇಂಥ ಕುಹಕ ಹೊಸದೇನಲ್ಲ. 1929ರ ಕಾರ್ಲ್ಸ್‌ಬಾಡ್ ಪಂದ್ಯಾವಳಿಯಲ್ಲಿ ಮಹಿಳಾ ವಿಶ್ವ ಚಾಂಪಿಯನ್ ವೆರಾ ಮೆಂಚಿಕ್ ಆಡಲಿದ್ದರು. ಅವರಿಗೆ ಸೋತವರನ್ನೆಲ್ಲ 'ವೆರಾ ಮೆಂಚಿಕ್ ಕ್ಲಬ್ಬಿ'ಗೆ ಸೇರಿಸಬೇಕೆಂದು ಆಲ್ಬರ್ಟ್ ಬೆಕರ್ ಎಂಬ ಆಟಗಾರ ಗೇಲಿ ಮಾಡಿದ. ಕೊನೆಗೆ ಆ ಕ್ಲಬ್ಬಿನ ಮೊದಲ ಸದಸ್ಯ ಅವನೇ ಆದ! 1935ರಲ್ಲಿ ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್ ಯೂವೆ ಕೂಡ ಮೆಂಚಿಕ್‌ಗೆ ಸೋತವರೇ.

ಸುಮಾರು ಒಂದು ಶತಮಾನ ಕಳೆದರೂ ಮಾತು ಬದಲಾಗಿಲ್ಲ. 2024ರ ಜನವರಿಯಲ್ಲಿ ನೆದರ್ಲೆಂಡ್ಸ್‌ನ ಪಂದ್ಯಾವಳಿಯೊಂದರಲ್ಲಿ ಆಡಿದ 18ರ ಹರೆಯದ ದಿವ್ಯಾ ದೇಶಮುಖ್, ಪ್ರೇಕ್ಷಕರು ತನ್ನ ಆಟಕ್ಕಿಂತ ಉಡುಪು, ಕೂದಲು, ಉಚ್ಚಾರಣೆಗಳನ್ನೇ ಗಮನಿಸುತ್ತಾರೆಂದು ಬಹಿರಂಗವಾಗಿ ನೊಂದು ಬರೆದರು. ಮರುವರ್ಷ ಅವರೇ ಮಹಿಳಾ ವಿಶ್ವಕಪ್ ಗೆದ್ದು ಗ್ರ್ಯಾಂಡ್‌ಮಾಸ್ಟರ್ ಆದರು.

"ಆದರೂ ಅಗ್ರಸ್ಥಾನದಲ್ಲಿ ಗಂಡಸರೇ ಹೆಚ್ಚಲ್ಲವೇ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2009ರಲ್ಲಿ ಪ್ರಕಟವಾದ ಅಧ್ಯಯನವೊಂದು ಜರ್ಮನಿಯ ಮೊದಲ 100 ಪುರುಷರನ್ನೂ 100 ಮಹಿಳೆಯರನ್ನೂ ಹೋಲಿಸಿತು. ಅಲ್ಲಿ ಆಡುವವರಲ್ಲಿ ಮಹಿಳೆಯರ ಸಂಖ್ಯೆಯೇ ತೀರಾ ಕಡಿಮೆ. ಅಗ್ರಸ್ಥಾನಗಳಲ್ಲಿ ಕಂಡ ಅಂತರದ ಶೇಕಡಾ 96ರಷ್ಟನ್ನು ಈ ಸಂಖ್ಯೆಯ ವ್ಯತ್ಯಾಸವೇ ವಿವರಿಸುತ್ತದೆಂದು ಸಂಶೋಧಕರು ಲೆಕ್ಕಹಾಕಿದರು. ದೊಡ್ಡ ರಾಶಿಯಲ್ಲಿ ಅತಿ ದೊಡ್ಡ ಕಾಳು ಸಿಗುವ ಸಂಭವ ಹೆಚ್ಚು. ಇದು ಸಂಖ್ಯಾಶಾಸ್ತ್ರದ ಸರಳ ನಿಯಮ.

2008ರ ಇನ್ನೊಂದು ಪ್ರಯೋಗದಲ್ಲಿ, ಸಮಬಲದ 42 ಜೋಡಿ ಸ್ತ್ರೀಪುರುಷರು ಪರಸ್ಪರ ಕಾಣದಂತೆ ಕಂಪ್ಯೂಟರಿನ ಮೂಲಕ ಆಡಿದರು. ಎದುರಾಳಿ ಗಂಡಸೆಂದು ತಿಳಿದಾಗ ಮಹಿಳೆಯರ ಆಟ ಕುಗ್ಗಿತು. ಹೆಂಗಸೆಂದು ನಂಬಿಸಿದಾಗ ಸರಿಸಮನಾಯಿತು. ಎಲ್ಲ ಅಧ್ಯಯನಗಳೂ ಇದನ್ನೇ ಹೇಳುವುದಿಲ್ಲ. 2018ರ ವಿಶ್ಲೇಷಣೆಯೊಂದರಲ್ಲಿ ಈ ಕುಗ್ಗುವಿಕೆ ಕಾಣಲಿಲ್ಲ. ಆದರೆ ಒಂದಂತೂ ಸ್ಪಷ್ಟ. ಕೊಂಕಿಗೆ ನೊಂದು ಒಬ್ಬಳು ಎದ್ದುಹೋದರೆ ಆಡುವವರ ಸಂಖ್ಯೆ ಒಂದು ಕಡಿಮೆಯಾಗುತ್ತದೆ. ಆ ಕೊರತೆಯನ್ನೇ ತೋರಿಸಿ ಪೂರ್ವಗ್ರಹವು "ನೋಡಿ, ನಾನು ಹೇಳಲಿಲ್ಲವೇ?" ಎನ್ನುತ್ತದೆ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ನಗಬಾರದು. ಕುಹಕ ಬದುಕುವುದೇ ಸುತ್ತಲಿನವರ ನಗೆಯಿಂದ. ಎರಡನೆಯದಾಗಿ, ಅಲ್ಲೇ, ಶಾಂತವಾಗಿ, "ಆ ಮಾತು ಸರಿಯಲ್ಲ, ಸಾರ್" ಎನ್ನಬೇಕು; ವ್ಯಕ್ತಿಯನ್ನು ಹಳಿಯದೆ ಮಾತನ್ನು ಪ್ರಶ್ನಿಸಿದರೆ ತಿದ್ದಿಕೊಳ್ಳಲು ಅವರಿಗೂ ದಾರಿಯಿರುತ್ತದೆ. ಮೂರನೆಯದಾಗಿ, ಪ್ರತಿಭಟಿಸುವ ಭಾರವನ್ನು ನೊಂದವರ ಮೇಲೆಯೇ ಹೊರಿಸಬಾರದು. ಇನ್ನು ಸಂಘಟಕರು ನಿಯಮವನ್ನು ಬರೆದು ಗೋಡೆಗೆ ಹಚ್ಚಬೇಕು. ಹೇಳಿದರೂ ಕೇಳದವರನ್ನು ಹೊರಗಿಡಲು ಹಿಂಜರಿಯಬಾರದು.

ಆ ದಿನದ ನಗೆಯನ್ನು ಸಂಕಲನದ ಮೇಜಿನಲ್ಲಿ ನಾನೇ ಕತ್ತರಿಸಿದೆ. ವೀಕ್ಷಕರು ಅದನ್ನು ಕೇಳಲಿಲ್ಲ. ಕೇಳಬಾರದಿದ್ದ ಮಗು ಮಾತ್ರ ಕೇಳಿಯಾಗಿತ್ತು. ಅಂಥ ಮಾತು ನಿಮ್ಮ ಕೂಟದಲ್ಲಿ ಬಂದರೆ, ನನ್ನ ಹಾಗೆ ತಡಮಾಡಬೇಡಿ.