ಏರಿ ನೋಡಿ ಊರು ಕಟ್ಟಿದವರು

ನಂದಿ ಬೆಟ್ಟದ ಸುತ್ತಮುತ್ತಲಿನ ಗುಡ್ಡಗಳಲ್ಲಿ ಬಿದ್ದ ಮಳೆ ದಿಕ್ಕಿಗೊಂದರಂತೆ ಹಂಚಿಹೋಗುತ್ತದೆ. ಉತ್ತರ ಪಿನಾಕಿನಿ ಗೌರಿಬಿದನೂರನ್ನು ಹಾದು ಆಂಧ್ರಕ್ಕೆ, ಚಿತ್ರಾವತಿ ಬಾಗೇಪಲ್ಲಿಯತ್ತ, ದಕ್ಷಿಣ ಪಿನಾಕಿನಿ ಹಾಗೂ ಪಾಲಾರ್ ತಮಿಳುನಾಡಿಗೆ, ಅರ್ಕಾವತಿ ಕಾವೇರಿಗೆ. ಇಷ್ಟೊಂದು ನದಿಗಳ ತವರು, ಆದರೆ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಮಳೆಯೇ ವರ್ಷಕ್ಕೆ ಸುಮಾರು 700 ಮಿ.ಮೀ. ನೆಲದ ಕೆಳಗಿರುವುದು ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆ. ಗಟ್ಟಿ ಬಂಡೆ ನೀರು ಹೀರುವುದಿಲ್ಲ. ಶಿಥಿಲಗೊಂಡ ಮೇಲ್ಪದರ ಮತ್ತು ಬಿರುಕುಗಳಲ್ಲಷ್ಟೇ ಅದು ನಿಲ್ಲುತ್ತದೆ.

ಚಿಂತಾಮಣಿ, ಶಿಡ್ಲಘಟ್ಟ ಕಡೆಯ ಹಳೆಯ ಹಳ್ಳಿಗಳು ಎಲ್ಲಿವೆ ಎಂದು ನೋಡಿದರೆ ಈ ಲೆಕ್ಕ ತಿಳಿಯುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಏರಿ, ಏರಿಯ ಪಕ್ಕದ ದಿಣ್ಣೆಯಲ್ಲಿ ಮನೆಗಳು. ತೂಬಿನ ಕೆಳಗಿನ ಮಣ್ಣು ಪೂರ್ತಿ ಅಚ್ಚುಕಟ್ಟಿಗೆ ಮೀಸಲು. ಕೆರೆಯ ನೀರು ಒಳಗೊಳಗೇ ಜಿನುಗಿ ಏರಿಯ ಕೆಳಗಿನ ಬಾವಿಗಳಿಗೆ ಊಟೆಯಾಗುತ್ತಿತ್ತು. ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮುಂದಿನ ಊರಿನ ಕೆರೆಗೆ. ವರ್ಷವಿಡೀ ಹರಿಯುವ ನದಿಯಿಲ್ಲದ ನಾಡಿನಲ್ಲಿ ಜನ ನೆಲೆಸಿದ್ದು ಈ ಕೆರೆಗಳ ಸರಪಳಿಯುದ್ದಕ್ಕೂ.

ಎತ್ತರವೂ ತನ್ನ ಪಾಲು ಕೊಟ್ಟಿದೆ. ಸಮುದ್ರಮಟ್ಟದಿಂದ ಸುಮಾರು 850–900 ಮೀಟರ್ ಮೇಲಿರುವ ಶಿಡ್ಲಘಟ್ಟದ ಹಿತವಾದ ಹವೆ ರೇಷ್ಮೆಹುಳುವಿಗೆ ಒಗ್ಗುತ್ತದೆ. ಹಿಪ್ಪುನೇರಳೆಗೆ ಭತ್ತದಷ್ಟು ನೀರೂ ಬೇಡ. ಗೂಡಿನ ಮಾರುಕಟ್ಟೆಯ ಸುತ್ತ ರೀಲರುಗಳ ಪಟ್ಟಣವೇ ಬೆಳೆಯಿತು. ನೀರಿಗೆ ಜಿಪುಣನಾದ ಇದೇ ಬಂಡೆ ಅಲುಗಾಡದ ನೆಲವೂ ಹೌದು. ಹಾಗಾಗಿಯೇ 1960ರ ದಶಕದಲ್ಲಿ ಗೌರಿಬಿದನೂರಿನಲ್ಲಿ ಭೂಕಂಪನ ಮಾಪಕಗಳ ಜಾಲ ನೆಲೆಗೊಂಡಿತು.

ಕೊಳವೆಬಾವಿ ಬಂದ ಮೇಲೆ ಏರಿಯ ಹಂಗು ತಪ್ಪಿತೆಂದು ಜನ ನಂಬಿದರು. ಊರು ರಸ್ತೆಬದಿಗೆ ಸರಿಯಿತು, ರಾಜಕಾಲುವೆಗಳು ಮುಚ್ಚಿದವು, ಕೊಳವೆ ಸಾವಿರ ಅಡಿ ದಾಟಿತು. ಆಳದ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿಗೆ ಶಿಲೆಯ ಫ್ಲೋರೈಡ್ ಕರಗಿ ಸೇರುತ್ತದೆ. ಅದನ್ನು ಕುಡಿದು ಬೆಳೆದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ಇದು ನಾವೇ ತಂದುಕೊಂಡ ಸಂಕಟ. ಈಗ ಹೆಬ್ಬಾಳ–ನಾಗವಾರ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಚಿಕ್ಕಬಳ್ಳಾಪುರದ ಕಂದವಾರ ಕೆರೆಗೆ ಬರುತ್ತಿದೆ. ಹೊರಗಿನಿಂದ ನೀರು ತಂದರೂ ಅದನ್ನು ಹಿಡಿದಿಡಲು ಬೇಕಾದದ್ದು ಅದೇ ಹಳೆಯ ಕೆರೆ.

ಈ ಭಾಗದಲ್ಲಿ ನಿವೇಶನ ಕೊಳ್ಳುವವರು ಕಾಗದಪತ್ರದ ಜೊತೆಗೆ ಗ್ರಾಮನಕ್ಷೆಯನ್ನೂ ತರಿಸಿಕೊಳ್ಳಿ. ಅದರಲ್ಲಿ ಹಳ್ಳ, ಕಾಲುವೆ, ಕೆರೆಯಂಗಳದ ಗೆರೆಗಳಿವೆ. ಆ ಗೆರೆಯ ಮೇಲೆ ಮನೆ ಕಟ್ಟಬೇಡಿ.